ಹಿಂದಿನ ಸೀಟಿನ ಭಾರ

ಆಗಸ್ಟ್ 4, ಸೋಮವಾರ

ಎಮ್ಮೆಯನ್ನು ಇವತ್ತು ಹೊರಗೆ ತೆಗೆದೆ. ಏಪ್ರಿಲಿನಲ್ಲಿ ಅವರು ಹೋದ ಮೇಲೆ ಇದೇ ಮೊದಲು. ಹೊದಿಸಿದ್ದ ಟಾರ್ಪಾಲಿನ ಮೇಲೆ ಬೆಕ್ಕು ಮರಿ ಹಾಕಿ, ಮರಿಗಳು ದೊಡ್ಡವಾಗಿ, ಅವು ಮನೆ ಬಿಟ್ಟು ಹೋಗಿಯೂ ಆಗಿತ್ತು.

ಎಮ್ಮೆ ಎಂದು ಹೆಸರಿಟ್ಟವರು ಅವರೇ. ಕಪ್ಪು ಬಣ್ಣ, ಅಗಲ ಬೆನ್ನು, ಎಷ್ಟು ಅವಸರ ಮಾಡಿದರೂ ತನ್ನದೇ ನಡಿಗೆ. ದೂರದ ಪ್ರಯಾಣಕ್ಕೆಂದೇ ಕೊಂಡ ಬೈಕು. ನನಗೂ ಓಡಿಸಲು ಕಲಿಸಿದ್ದರು, ಆದರೆ ಮೈದಾನದಲ್ಲಿ ಮಾತ್ರ. ರಸ್ತೆಗೆ ಬಂದೊಡನೆ ‘ಹಿಂದೆ ಹೋಗು’ ಎನ್ನುತ್ತಿದ್ದರು. ನಾನೂ ಹೋಗಿ ಕೂರುತ್ತಿದ್ದೆ. ಪ್ರತಿ ಅಕ್ಟೋಬರಿನಲ್ಲಿ ಘಟ್ಟ ಹತ್ತಿ, ತುದಿಯ ಕಲ್ಲುಕಟ್ಟೆಯ ಮೇಲೆ ಕೂತು ಫ್ಲಾಸ್ಕಿನ ಟೀ ಕುಡಿದು ಬರುವುದು ನಮ್ಮ ರೂಢಿ. ಈ ಅಕ್ಟೋಬರಿನಲ್ಲೂ ಹೋಗಬೇಕು, ನಾನೇ ಓಡಿಸಿಕೊಂಡು. ಅದೊಂದು ಆಗದಿದ್ದರೆ ನಾನು ಈ ಮನೆಯೊಳಗೇ ಕೂತು ಮುಗಿದು ಹೋಗುತ್ತೇನೆ ಎಂದು ನನಗೆ ಚೆನ್ನಾಗಿ ಗೊತ್ತು.

ನೀರಿನ ಟ್ಯಾಂಕಿನ ಏರಿನವರೆಗೆ ಹೋಗಿ ಬಂದೆ. ಏರು ಹತ್ತುವಾಗ ಎಂಜಿನ್ನಿನೊಳಗಿಂದ ಒಂದು ಸದ್ದು ಬಂತು. ಗುಂಡುಸೂಜಿ ತುಂಬಿದ ಡಬ್ಬಿಯನ್ನು ಅಲ್ಲಾಡಿಸಿದ ಹಾಗೆ, ಕಿಣಿಕಿಣಿ ಕಿಣಿಕಿಣಿ. ಏರು ಮುಗಿದೊಡನೆ ನಿಂತಿತು.

ಹೆಲ್ಮೆಟ್ಟಿನ ಗಾಜಿನ ತುಂಬ ಹುಳ. ಇಷ್ಟು ವರ್ಷ ಇವೆಲ್ಲ ಅವರ ಮುಖಕ್ಕೆ ಬಡಿಯುತ್ತಿದ್ದವು, ನಾನು ಅವರ ಬೆನ್ನಿಗೆ ಕೆನ್ನೆಯಿಟ್ಟು ಸುಖವಾಗಿದ್ದೆ. ಉಜ್ಜಿ ಉಜ್ಜಿ ಕೈ ಸೋತಿತು.

ಆಗಸ್ಟ್ 6, ಬುಧವಾರ

ಮೇಸ್ತ್ರಿಯ ಗ್ಯಾರೇಜು, ನಾನು ಗಾಡಿಗಳ ಸೀಟು ಹೊಲಿಯುವ ಅಂಗಡಿ ಅಕ್ಕಪಕ್ಕದಲ್ಲಿವೆ. ನಡುವೆ ಒಂದೇ ತಗಡಿನ ಗೋಡೆ. ಅವನು ಬಿಚ್ಚುತ್ತಾನೆ, ನಾನು ಹೊಲಿಯುತ್ತೇನೆ. ಅವನಿಗೆ ಎಡಗಿವಿ ಪೂರ್ತಿ ಮಂದ, ಆದರೆ ಬಲಗಿವಿ ಇಬ್ಬರ ಕೆಲಸ ಮಾಡುತ್ತದೆ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಆ ಕಿವಿಗೆ ಕೊಟ್ಟು, ಡಾಕ್ಟರ ಗತ್ತಿನಲ್ಲಿ ಕಣ್ಣು ಮುಚ್ಚಿದ.

“ನಿಂತಾಗ ಕೇಳಿಸಲ್ಲ, ಆದ್ರೆ ನೀವು ಹೇಳಿದ ಸದ್ದು ನಾಕಿಂಗೇ ಅಮ್ಮಾ. ಒಳಗೆ ಪೆಟ್ರೋಲು ಮೆಲ್ಲಗೆ ಉರೀಬೇಕು. ಇಲ್ಲಿ ತಾಳ್ಮೆ ಕೆಟ್ಟು ಒಂದೇ ಸಲ ಸಿಡೀತಿದೆ. ಪಿಸ್ಟನ್ ತಲೆ ಮೇಲೆ ಸುತ್ತಿಗೆ ಏಟು ಬಿದ್ದ ಹಾಗೆ.”

“ಹೀಗೇ ಓಡಿಸಿದ್ರೆ ಏನಾಗುತ್ತೆ?”

“ಒಂದಿನ ಪಿಸ್ಟನ್ನಿಗೆ ತೂತು ಬೀಳುತ್ತೆ. ಘಟ್ಟದಲ್ಲಿ ಬಿತ್ತು ಅಂದ್ಕೊಳ್ಳಿ, ಎಂಜಿನ್ ಕಚ್ಕೊಂಡು ಹಿಂದಿನ ಚಕ್ರ ನಿಂತೇ ಹೋಗುತ್ತೆ. ತಿರುವಿನಲ್ಲಿ ನಿಮ್ಮನ್ನ ಹಿಡ್ಕೊಳ್ಳೋಕೆ ಯಾರಿದ್ದಾರೆ ಅಲ್ಲಿ? ಇದು ಸರಿ ಹೋಗೋವರೆಗೆ ಘಟ್ಟದ ಮಾತು ಎತ್ತಬೇಡಿ.”

ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಪೆಟ್ರೋಲು ಕೆಟ್ಟಿರಬೇಕು ಎಂದು ಎಲ್ಲ ಬಸಿದು ಹಾಕಿದ. ‘ಯಜಮಾನ್ರಿದ್ದಾಗ ಹೀಗೆ ನಿಲ್ಲಿಸ್ತಿರಲಿಲ್ಲ’ ಎಂದವನು ನಾಲಿಗೆ ಕಚ್ಚಿಕೊಂಡ. ಎಲ್ಲರೂ ಹೀಗೇ, ನನ್ನೆದುರು ಅವರ ಹೆಸರೆತ್ತಿ ತಾವೇ ಗಾಬರಿಯಾಗುತ್ತಾರೆ. ಅವರು ಹೋದದ್ದು ಕ್ಷೌರದಂಗಡಿಯ ಕುರ್ಚಿಯಲ್ಲಿ. ಬಲಗೆನ್ನೆ ನುಣ್ಣಗಾಗಿತ್ತು, ಎಡಗೆನ್ನೆಗೆ ಕತ್ತಿ ಮುಟ್ಟಿರಲಿಲ್ಲ. ಹಾಗೇ ಕಳಿಸಿಕೊಟ್ಟೆವು. ಯಾವುದನ್ನೂ ಅರ್ಧಕ್ಕೆ ಬಿಡದ ಮನುಷ್ಯ.

ಆಗಸ್ಟ್ 9, ಶನಿವಾರ

ಹೊಸ ಪೆಟ್ರೋಲಿಗೂ ಅದೇ ಸದ್ದು. ಮೇಸ್ತ್ರಿ ತಾನೇ ಏರು ಹತ್ತಿಸಿ ಬಂದು, ಏನೂ ಇಲ್ಲವಲ್ಲ ಎಂದ. ಆಮೇಲೆ ಹಿಂದಿನ ಸೀಟಿಗೆ ಮರಳಿನ ಚೀಲ ಕಟ್ಟಿಕೊಂಡು ಇನ್ನೊಮ್ಮೆ ಹತ್ತಿಸಿದ. ವಾಪಸ್ಸು ಬರುವಾಗ ಮುಖ ಗಂಟಿಕ್ಕಿತ್ತು.

“ಹಿಂದೆ ಒಬ್ರು ಕೂತಷ್ಟು ಭಾರ ಇದ್ರೆ ಮಾತ್ರ ಬರುತ್ತೆ. ನೀವು ಯಾರನ್ನ ಕೂರಿಸ್ಕೊಂಡಿದ್ರಿ?”

“ಯಾರನ್ನೂ ಇಲ್ಲ.”

“ಮತ್ತೆ ನಿಮಗೆ ಹೇಗೆ ಕೇಳಿಸ್ತು?”

ಕಿವಿಯಿಂದ ಎಂದೆ. ನಾನು ಗೇರು ಇಳಿಸದೆ ಏರು ಹತ್ತಿಸಿರಬೇಕು, ಹೆಂಗಸರು ಗೇರು ಮುಟ್ಟಲು ಹೆದರುತ್ತಾರೆ ಎಂದು ಏನೋ ಉಪದೇಶ ಶುರು ಮಾಡಿದ. ನಾನು ಹೊಲಿಗೆ ಯಂತ್ರ ಜೋರಾಗಿ ತುಳಿದು ಅವನ ಮಾತನ್ನು ಮುಗಿಸಿದೆ.

ಆಗಸ್ಟ್ 17, ಭಾನುವಾರ

ಬೆಳಗಿನ ಮಂಜಿನಲ್ಲಿ ಏರಿಗೆ ಹೋದೆ, ಎರಡನೇ ಗೇರಿನಲ್ಲೇ. ಒಬ್ಬಳೇ. ಕಿಣಿಕಿಣಿ ಬಂತು.

ಇನ್ನೊಂದು ಸಂಗತಿ. ದೀಪದ ಬೆಳಕು ರಸ್ತೆಯ ಮೇಲೆ ಬೀಳದೆ ಮರದ ಕೊಂಬೆಗಳ ಮೇಲೆ ಬೀಳುತ್ತಿತ್ತು. ನಾನು ಹಿಂದೆ ಕೂತಾಗಲೆಲ್ಲ ಹೀಗೇ ಆಗುತ್ತಿತ್ತು. ಹಿಂದೆ ಭಾರವಾದರೆ ಮೂತಿ ಮೇಲಾಗುತ್ತದೆ, ಆಗ ಅವರು ಇಳಿದು ದೀಪವನ್ನು ಬಗ್ಗಿಸುತ್ತಿದ್ದರು. ನಾನೂ ಬಗ್ಗಿಸಿದೆ. ಮನೆಗೆ ಬಂದು ನೋಡಿದರೆ ಬೆಳಕು ಮುಂದಿನ ಚಕ್ರದ ಬುಡದಲ್ಲೇ ಬೀಳುತ್ತಿದೆ. ಸ್ಪ್ರಿಂಗು ಹಳೆಯದಾಯಿತೇನೋ, ಮೇಸ್ತ್ರಿಗೆ ತೋರಿಸಬೇಕು.

ಅವರ ಜಾಕೆಟ್ಟು ನನಗೆ ದೊಗಲೆ, ಆದರೂ ಅದನ್ನೇ ಹಾಕಿಕೊಳ್ಳುತ್ತೇನೆ. ಕಾಲರು ಕುತ್ತಿಗೆಗೆ ಚುಚ್ಚುತ್ತದೆ. ಎಡಗಡೆ ಮಾತ್ರ.

ಆಗಸ್ಟ್ 26, ಮಂಗಳವಾರ

ಮೇಸ್ತ್ರಿ ಎಮ್ಮೆಯ ಹೊಟ್ಟೆ ಬಿಚ್ಚಿದ. ಪಿಸ್ಟನ್ನಿನ ತಲೆ ಹೊತ್ತಿದ ಪಾತ್ರೆಯ ತಳದ ಹಾಗಿತ್ತು, ಇಷ್ಟು ದಪ್ಪ ಮಸಿ. ಆ ಮಸಿಯೇ ಕೆಂಡವಾಗಿ ಪೆಟ್ರೋಲನ್ನು ಕೆರಳಿಸುತ್ತದೆಯಂತೆ. ಕೆರೆದು, ಉಜ್ಜಿ, ಕಿಡಿ ಬೀಳುವ ಹೊತ್ತನ್ನು ಸ್ವಲ್ಪ ತಡವಾಗಿಸಿ, ಸಂಜೆಗೆ ಜೋಡಿಸಿದ. ಚೀಲ ಕಟ್ಟಿ ನೋಡಿದರೆ ಸದ್ದು ಅರ್ಧ ಇಳಿದಿದೆ, ಪೂರ್ತಿ ಹೋಗಿಲ್ಲ.

ಸ್ಪ್ರಿಂಗನ್ನೂ ನೋಡಿದ. ಅದಕ್ಕೆ ಅವನದೊಂದು ಲೆಕ್ಕವಿದೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಓಡಿಸುವವರನ್ನು ಕೂರಿಸಿ, ಹಿಂಭಾಗ ಎಷ್ಟು ಬೆರಳು ಇಳಿಯುತ್ತದೆ ಎಂದು ಅಳೆಯುತ್ತಾನೆ. ಒಬ್ಬರಿಗೆ ಎರಡು ಬೆರಳು ಇಳಿಯಬೇಕು. ಕಮ್ಮಿಯಾದರೆ ಸ್ಪ್ರಿಂಗು ಬಿಗಿ, ಜಾಸ್ತಿಯಾದರೆ ಸಡಿಲ. ನಾನು ಹತ್ತಿ ಕೂತೆ.

“ಸರಿಯಾಗಿ ಎರಡು ಬೆರಳು. ಸ್ಪ್ರಿಂಗಿಗೆ ಏನೂ ಆಗಿಲ್ಲ.”

ಈ ವಯಸ್ಸಿನಲ್ಲಿ ನಾನು ಎರಡೇ ಬೆರಳಿನ ಹೆಂಗಸು ಎಂದು ತಿಳಿದು ಸಂತೋಷವಾಯಿತು.

ಸೆಪ್ಟೆಂಬರ್ 2, ಮಂಗಳವಾರ

ತಂಗಿ ಬಂದಿದ್ದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಯಾರನ್ನು ಕಂಡರೂ ಕಾಯಿಲೆ ಹುಡುಕುತ್ತಾಳೆ.

“ಅಕ್ಕಾ, ಅಷ್ಟು ದೊಡ್ಡ ಗಾಡಿ ನಿನಗ್ಯಾಕೆ? ಮಾರಿಬಿಡು. ಭಾವನ ನೆನಪಿಗೆ ಅಂತ ಗಡಿಯಾರ ಇದೆ, ಕನ್ನಡಕ ಇದೆ.”

“ಗಡಿಯಾರದ ಮೇಲೆ ಕೂತು ಘಟ್ಟ ಹತ್ತೋಕಾಗುತ್ತಾ?”

“ಹತ್ತಬೇಡ ಅಂತಾನೇ ಹೇಳ್ತಿರೋದು. ನಿನ್ನ ಮುಖ ನೋಡ್ಕೊಂಡಿದ್ದೀಯಾ? ಕೆನ್ನೆ ಒಳಗೆ ಹೋಗಿದೆ. ಊಟ ಮಾಡ್ತಿದ್ದೀಯಾ ಇಲ್ವಾ?”

ಮಾಡುತ್ತಿದ್ದೇನೆ ಎಂದೆ. ಅವಳು ಹೋಗಿ ಅಡುಗೆಮನೆ ನೋಡಿ ಬಂದಳು. ಇಬ್ಬರಿಗಾಗುವಷ್ಟು ಮಾಡಿ ಮುಚ್ಚಿಟ್ಟಿದ್ದೆ, ತಿಂದಿರಲಿಲ್ಲ. ಹಸಿವಾಗದಿದ್ದರೆ ನಾನೇನು ಮಾಡಲಿ. ಒಂದು ಗಂಟೆ ನನ್ನ ತಲೆ ತಿಂದು ಅವಳೇ ಹೊಟ್ಟೆ ತುಂಬಿಸಿಕೊಂಡು ಹೋದಳು.

ಸೆಪ್ಟೆಂಬರ್ 11, ಗುರುವಾರ

ಬೆಳಿಗ್ಗೆ ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿದೆ. ಸೀಟಿನ ಮೇಲೆ ಮುಂದಕ್ಕೆ ಸರಿದು, ಪೆಟ್ರೋಲ್ ಟ್ಯಾಂಕಿಗೆ ಹೊಟ್ಟೆ ತಾಗುವ ಹಾಗೆ ಕೂತೆ. ಯಾಕೆಂದು ಬರೆಯುವುದಿಲ್ಲ. ಹಿಂದೆ ಸ್ಪ್ರಿಂಗು ಮೆಲ್ಲಗೆ ನರಳಿತು.

ಆಗ ಹೆದರಿದೆ, ಸುಳ್ಳು ಹೇಳುವುದಿಲ್ಲ. ಕನ್ನಡಿ ನೋಡಲಿಲ್ಲ. ಗೇರು ಹಾಕಿ ಹೊರಟೆ, ಏರಿನ ಉದ್ದಕ್ಕೂ ಕಿಣಿಕಿಣಿ. ಕುತ್ತಿಗೆಯ ಎಡಗಡೆ ಚುಚ್ಚುತ್ತಿತ್ತು, ಬಲಗಡೆ ನುಣುಪು. ಅರ್ಧ ಏರಿಗೆ ಬರುವಷ್ಟರಲ್ಲಿ ಹೆದರಿಕೆ ಎಲ್ಲೋ ಹೋಗಿತ್ತು. ಏಪ್ರಿಲ್ ಆದ ಮೇಲೆ ಇಷ್ಟು ನೆಮ್ಮದಿ ಆಗಿರಲಿಲ್ಲ. ಆ ಸದ್ದು ನಿಲ್ಲದಿರಲಿ ಎಂದು ಬೇಡಿಕೊಂಡೆ.

ಮೇಸ್ತ್ರಿ ಗಾಡಿ ತನ್ನಿ ಎಂದು ತಗಡಿನ ಆ ಕಡೆಯಿಂದ ಕೂಗಿದ. ಕೆಲಸ ಇದೆ, ಆಮೇಲೆ ತರುತ್ತೇನೆ ಎಂದೆ.

ಸೆಪ್ಟೆಂಬರ್ 18, ಗುರುವಾರ

ರಸ್ತೆಗೆ ಬಂದೊಡನೆ ಹಿಂದೆ ಹೋಗು ಎಂದರು. ಹೋದೆ.

ಸೆಪ್ಟೆಂಬರ್ 20, ಶನಿವಾರ

ಏರು ಎಂದರೆ ಈಗ ಏನೂ ಕಷ್ಟವಿಲ್ಲ. ಕ್ಲಚ್ಚು ಹಿಡಿದು ಹಿಡಿದು ಎಡಗೈಯಲ್ಲಿ ಎದ್ದಿದ್ದ ಬೊಬ್ಬೆ ಒಣಗಿ ಹೋಯಿತು. ಹುಳದ ಕಾಟವೂ ಮುಗಿದಿದೆ, ಹೆಲ್ಮೆಟ್ಟಿನ ಗಾಜು ತೊಳೆದಿಟ್ಟ ಹಾಗೇ ಇದೆ. ಕಾಲ ಬದಲಾಯಿತಲ್ಲ. ಗಾಳಿಯೂ ಅಷ್ಟು ಹೊಡೆಯುವುದಿಲ್ಲ. ವಾಪಸ್ಸು ಬರುವಾಗ ಸಣ್ಣ ನಿದ್ದೆ ಹತ್ತಿತ್ತು, ಎಚ್ಚರವಾದಾಗ ಗೇಟಿನ ಮುಂದಿದ್ದೆ.

ಇವರಿಗೆ ಮೊದಲಿನಿಂದಲೂ ತಿರುವು ಇಷ್ಟ. ಸ್ವಲ್ಪ ಜೋರಾಗಿಯೇ ಹೋಗುತ್ತಾರೆ.

ಸೆಪ್ಟೆಂಬರ್ 24, ಬುಧವಾರ

ಸೀಟು ಬಿಚ್ಚಿ ನೋಡಿದೆ. ಹಿಂದಿನ ಸೀಟಿನ ಅಂಚಿನಲ್ಲಿ ದಾರ ಸವೆದು ಎರಡು ಕಡೆ ಹರಿದಿದೆ, ರೆಕ್ಸಿನ್ನು ಹೊಳಪು ಬರುವಷ್ಟು ಉಜ್ಜಿಹೋಗಿದೆ. ಮುಂದಿನ ಸೀಟು ಹೊಸದರ ಹಾಗಿದೆ. ಮೇಲೆ ಟಾರ್ಪಾಲಿನಿಂದ ಉದುರಿದ ಧೂಳು ಕೂಡ ಹಾಗೇ ಇತ್ತು, ಬೆರಳಲ್ಲಿ ಗೆರೆ ಎಳೆಯಬಹುದಿತ್ತು. ಎರಡಕ್ಕೂ ಒಂದೇ ದಾರ, ಒಂದೇ ದಿನ ಹೊಲಿದದ್ದು. ಮುಂದಿನದಕ್ಕೆ ಜೋಡಿ ಹೊಲಿಗೆ ಹಾಕಿದ್ದೆ. ಜೋಡಿ ಹೊಲಿಗೆ ಸವೆಯುವುದಿಲ್ಲ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದೇನೆ, ಇನ್ನು ಮೇಲೆ ಇದನ್ನೇ ತೋರಿಸಬಹುದು.

ಹಿಂದಿನದನ್ನು ಮತ್ತೆ ಹೊಲಿದೆ.

ಸೆಪ್ಟೆಂಬರ್ 28, ಭಾನುವಾರ

ತಂಗಿ ಹೇಳದೆ ಕೇಳದೆ ಬಂದಳು. ಚಪ್ಪಲಿ ಕೂಡ ಬಿಡಲಿಲ್ಲ.

“ಬೆಳಿಗ್ಗೆ ನೀರಿನ ಟ್ಯಾಂಕಿನ ಹತ್ರ ನನ್ನ ಬಸ್ಸು ನಿನ್ನ ಗಾಡೀನ ದಾಟ್ತು. ನೀನು ಹಿಂದಿನ ಸೀಟಲ್ಲಿ ಕೂತಿದ್ದೆ ಅಕ್ಕಾ. ಕಣ್ಣು ಮುಚ್ಕೊಂಡು. ಮುಂದೆ ಯಾರೂ ಇರಲಿಲ್ಲ.”

“ನಿನ್ನ ಕನ್ನಡಕದ ನಂಬರ್ ಬದಲಾಗಿದೆ.”

“ನನ್ನ ಕನ್ನಡಕದ ಸುದ್ದಿ ಬೇಡ. ಕೀ ಎಲ್ಲಿದೆ?”

ಎರಡು ಕೀಗಳನ್ನೂ ತೆಗೆದುಕೊಂಡು ಬ್ಯಾಗಿಗೆ ಹಾಕಿದಳು. ಮೇಸ್ತ್ರಿಯ ಕೈಗೆ ಕೊಡುತ್ತೇನೆ, ಗಾಡಿ ಸರಿಹೋಗುವವರೆಗೆ ನಿನಗೆ ಸಿಗುವುದಿಲ್ಲ ಎಂದಳು. ಅವಳನ್ನು ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಈಗ ನನ್ನ ಮೇಲೇ ದರ್ಬಾರು. ಹೋಗುವಾಗ ನನ್ನನ್ನು ತಬ್ಬಿಕೊಂಡು, ಎಷ್ಟು ಹಗುರ ಆಗಿದ್ದೀಯ ಎಂದು ಅತ್ತಳು.

ಸೆಪ್ಟೆಂಬರ್ 30, ಮಂಗಳವಾರ

ಟ್ಯಾಂಕಿನ ಏರು. ತಂಪು ಗಾಳಿ.

ಅಕ್ಟೋಬರ್ 2, ಗುರುವಾರ

ಏರು ದಾಟಿ ಆಚೆಯ ಕಾಲುವೆಯವರೆಗೆ.

ಅಕ್ಟೋಬರ್ 3, ಶುಕ್ರವಾರ

ಹೋದೆವು.

ಅಕ್ಟೋಬರ್ 7, ಮಂಗಳವಾರ

ಮೇಸ್ತ್ರಿ ತಾನೇ ಮನೆಗೆ ಬಂದ. ನಾನು ಗಾಡಿ ತರುವುದಿಲ್ಲವೆಂದು ಗೊತ್ತಾಗಿರಬೇಕು. ಟಾರ್ಪಾಲು ಸರಿಸಿ ಎಂಜಿನ್ನಿನ ಮೇಲೆ ಕೈಯಿಟ್ಟವನು ಕೈ ಹಿಂದಕ್ಕೆ ಎಳೆದುಕೊಂಡ.

“ಬಿಸಿ ಇದೆಯಲ್ಲ ಅಮ್ಮಾ. ಎರಡು ಕೀಯೂ ನನ್ನ ಹತ್ರ ಇದೆ.”

“ಬಿಸಿಲಿಗಿತ್ತು.”

ಬಿಸಿಲೇ ಬಿದ್ದಿರಲಿಲ್ಲ, ಮೋಡವಿತ್ತು. ಗ್ಯಾರೇಜಿಗೆ ತಳ್ಳಿಕೊಂಡು ಹೋದೆವು.

ಇವತ್ತು ರೋಗ ಸಿಕ್ಕಿತು. ಎಂಜಿನ್ನನ್ನು ಓಡಲು ಬಿಟ್ಟು, ಕಾರ್ಬುರೇಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರು ಕೊಳವೆಯ ಸುತ್ತ ಒಂದೊಂದೇ ತೊಟ್ಟು ಆಯಿಲು ಬಿಡುತ್ತ ಬಂದ. ಒಂದು ಕಡೆ ಆಯಿಲು ಒಳಗೆ ಎಳೆದುಕೊಂಡಿತು, ಎಂಜಿನ್ನಿನ ದನಿ ಬದಲಾಯಿತು. ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಕಳ್ಳಗಾಳಿ ನುಗ್ಗುತ್ತಿತ್ತು, ಗಾಳಿ ಹೆಚ್ಚಾಗಿ ಪೆಟ್ರೋಲು ಕಮ್ಮಿಯಾಗಿ ಒಳಗೆ ಉರಿ ವಿಪರೀತವಾಗುತ್ತಿತ್ತು. ಹೊಸ ರಬ್ಬರು ಹಾಕಿ, ಚೀಲ ಕಟ್ಟಿಕೊಂಡು ಏರು ಹತ್ತಿಸಿದ. ನಾನು ಬುಡದಲ್ಲಿ ನಿಂತು ಕೇಳಿದೆ. ಒಂದು ಚೂರೂ ಕಿಣಿಕಿಣಿ ಇಲ್ಲ.

“ಮುಗೀತು. ಇನ್ನು ಇಬ್ರು ಕೂತು ಘಟ್ಟ ಹತ್ತಿದ್ರೂ ತುಟಿ ಪಿಟಕ್ ಅನ್ನಲ್ಲ.”

ನನಗೆ ಖುಷಿಯಾಯಿತು. ಇಬ್ಬರಿಗೇ ತಾನೇ ಬೇಕಾಗಿದ್ದದ್ದು.

ಕಡೆಗೆ ಸ್ಪ್ರಿಂಗು ಅಳೆಯಲು ನನ್ನನ್ನು ಹತ್ತಿಸಿದ. ನಾನು ಅಭ್ಯಾಸಬಲದಿಂದ ಹಿಂದೆ ಕೂತೆ. ಅವನು ಬೆರಳಿಟ್ಟು ನೋಡಿದ. ಇಳಿಯಿರಿ ಎಂದ. ಮತ್ತೆ ಕೂರಿ ಎಂದ. ಮುಂದೆ ಕೂರಿಸಿಯೂ ನೋಡಿದ.

“ಏನಾಯ್ತು?”

“ಇಳೀತಾನೇ ಇಲ್ಲ.”

“ಸ್ಪ್ರಿಂಗು ಹಿಡ್ಕೊಂಡಿರಬೇಕು.”

ಅವನು ತಾನು ಹತ್ತಿ ಕೂತ. ಗಾಡಿ ಎರಡು ಬೆರಳಿಗಿಂತ ಜಾಸ್ತಿಯೇ ಇಳಿಯಿತು. ಕೆಳಗಿಳಿದು ಕೈ ಒರೆಸಿಕೊಂಡ, ನನ್ನ ಮುಖ ನೋಡಲಿಲ್ಲ. ಊಟ ಆಯಿತಾ ಅಮ್ಮಾ ಎಂದು ಕೇಳಿದ. ಆಮೇಲೆ ಒಳಗೆ ಹೋಗಿ ಯಾರಿಗೋ ಫೋನು ಮಾಡಿದ. ಮೇಸ್ತ್ರಿಗೂ ವಯಸ್ಸಾಯಿತು, ಕೈಯಂದಾಜು ತಪ್ಪುತ್ತಿದೆ.

ಅಕ್ಟೋಬರ್ 11, ಶನಿವಾರ

ಫೋನು ಹೋಗಿದ್ದು ತಂಗಿಗೆ. ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದು ನನ್ನ ಮನೆಯಲ್ಲಿ ಠಿಕಾಣಿ ಹೂಡಿದ್ದಾಳೆ. ಕಲಸಿ ಕಲಸಿ ತಿನ್ನಿಸುತ್ತಾಳೆ. ನಾನು ನುಂಗುವುದನ್ನು ಗಂಟಲು ನೋಡಿ ಖಚಿತ ಮಾಡಿಕೊಳ್ಳುತ್ತಾಳೆ.

“ನಾಳೆ ಘಟ್ಟಕ್ಕೆ ಹೋಗೋಣ,” ಎಂದಳು ಸಂಜೆ.

“ನೀನಾ?”

“ಹೂಂ, ನಾನೇ. ನೀನು ಬಿಡಲ್ಲ ಅಂತ ಗೊತ್ತಾಯ್ತು. ಒಬ್ಳೇ ಹೋದ್ರೆ ವಾಪಸ್ ಬರಲ್ಲ ಅಂತಾನೂ ಗೊತ್ತಾಗಿದೆ. ನೀನು ಮುಂದೆ ಕೂತು ಓಡಿಸ್ತೀಯ. ನಾನು ಹಿಂದೆ ಕೂರ್ತೀನಿ. ಮೇಲೆ ಹೋಗಿ ಟೀ ಕುಡಿದು ಬರೋಣ, ಅಲ್ಲಿಗೆ ಮುಗೀಲಿ.”

ಸ್ಕೂಟರಿನಲ್ಲಿ ಕೂತರೂ ಕಣ್ಣು ಮುಚ್ಚಿಕೊಳ್ಳುವವಳು. ಮೂವರಿಗೆ ಜಾಗ ಸಾಲುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಅವಳು ಆಗಲೇ ನನ್ನ ಕಾಲಿನ ಮೇಲೆ ಕಾಲು ಹಾಕಿ ಮಲಗಿದ್ದಳು, ನಾನು ಎದ್ದು ಹೋಗದಿರಲಿ ಎಂದು.

ಇವರಿಗೆ ಏನು ಹೇಳಲಿ?

ಅಕ್ಟೋಬರ್ 12, ಭಾನುವಾರ

ಕೈ ನೋಯುತ್ತಿದೆ, ಆದರೂ ಎಲ್ಲವನ್ನೂ ಬರೆಯುತ್ತೇನೆ.

ಬೆಳಕು ಹರಿಯುವ ಹೊತ್ತಿಗೆ ಮೇಸ್ತ್ರಿ ಗಾಡಿ, ಕೀ ಎರಡನ್ನೂ ತಂದು ಕೊಟ್ಟ. ತಂಗಿ ನಮ್ಮ ಹಳೆಯ ಹೆಲ್ಮೆಟ್ಟು ಹಾಕಿಕೊಂಡು, ನನ್ನ ಸೊಂಟವನ್ನು ಉಸಿರುಕಟ್ಟುವಷ್ಟು ಬಿಗಿಯಾಗಿ ಹಿಡಿದಳು. ಗೇಟು ದಾಟಿ ರಸ್ತೆಗೆ ಬಂದೊಡನೆ ಹಿಂದೆ ಹೋಗು ಎಂದರು. ಜಾಗ ಇಲ್ಲ, ಅವಳಿದ್ದಾಳೆ ಎಂದೆ. ಹೆಲ್ಮೆಟ್ಟಿನೊಳಗೇ ಹೇಳಿದ್ದು, ತಂಗಿಗೆ ಕೇಳಿಸಲಿಲ್ಲ. ಮತ್ತೆ ಮಾತಿಲ್ಲ. ಬಯಲು ರಸ್ತೆ ಮುಗಿಯುವವರೆಗೆ ಎಮ್ಮೆ ಹೂವಿನ ಹಾಗೆ ಹೋಯಿತು. ಹುಳಗಳು ಗಾಜಿಗೆ ಟಪ್ ಟಪ್ ಎಂದು ಬಡಿಯುತ್ತಿದ್ದವು. ಇವು ಇಷ್ಟು ದಿನ ಎಲ್ಲಿಗೆ ಹೋಗಿದ್ದವು ಎಂದುಕೊಂಡೆ.

ಘಟ್ಟದ ಮೊದಲನೇ ತಿರುವಿನಲ್ಲಿ ಹಿಂದೆ ಸ್ಪ್ರಿಂಗು ನರಳಿತು. ಆಮೇಲೆ ಶುರುವಾಯಿತು, ಕಿಣಿಕಿಣಿ ಕಿಣಿಕಿಣಿ. ಹೊಸ ರಬ್ಬರು, ಒಳ್ಳೆಯ ಪೆಟ್ರೋಲು, ಕೆರೆದ ಪಿಸ್ಟನ್ನು, ಯಾವುದರಲ್ಲೂ ಕೊರತೆಯಿರಲಿಲ್ಲ. ಇಬ್ಬರ ಭಾರಕ್ಕೆ ತುಟಿ ಪಿಟಕ್ ಅನ್ನುವುದಿಲ್ಲ ಎಂದು ಮೇಸ್ತ್ರಿ ಹೇಳಿದ್ದು ನಿಜವೇ. ಇಬ್ಬರೇ ಇದ್ದಿದ್ದರೆ.

“ಅಕ್ಕಾ,” ತಂಗಿ ಕಿವಿಯ ಹತ್ತಿರ ಕೂಗಿದಳು. “ಸ್ವಲ್ಪ ಮುಂದೆ ಸರಿ. ನಂಗೆ ಜಾಗ ಸಾಲ್ತಿಲ್ಲ, ಬೀಳೋ ಹಾಗಾಗ್ತಿದೆ.”

ನಾನು ಪೆಟ್ರೋಲ್ ಟ್ಯಾಂಕಿಗೆ ಅಂಟಿಕೊಂಡೇ ಕೂತಿದ್ದೆ. ನನಗೂ ಅವಳಿಗೂ ನಡುವೆ ಏನೂ ಇರಬಾರದಿತ್ತು. ಅವಳ ಕೈಗಳು ನನ್ನ ಸೊಂಟದವರೆಗೆ ಬರದೆ ಜಾಕೆಟ್ಟಿನ ಬದಿಯನ್ನಷ್ಟೇ ಹಿಡಿದಿದ್ದವು.

ಎರಡನೇ ಗೇರು, ಮೊದಲನೇ ಗೇರು. ಸದ್ದು ನಿಲ್ಲಲಿಲ್ಲ, ಕಿಣಿಕಿಣಿ ಹೋಗಿ ಕಲ್ಲು ಕುಟ್ಟುವಂತಾಯಿತು. ಬಿಸಿ ಎಂಜಿನ್ನಿನ ವಾಸನೆ ಕಾಲ ಕೆಳಗಿಂದ ಬರುತ್ತಿತ್ತು. ಹ್ಯಾಂಡಲ್ಲು ಹಿಡಿದ ನನ್ನ ಕೈಗಳ ಮೇಲೆ ತಣ್ಣಗೆ ಭಾರ ಬಿತ್ತು. ಎಕ್ಸಲರೇಟರು ನಾನು ತಿರುಗಿಸಿದ್ದಕ್ಕಿಂತ ಹೆಚ್ಚು ತಿರುಗುತ್ತಿತ್ತು. ಇವರಿಗೆ ತಿರುವು ಇಷ್ಟ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ, ಬರೀ ಮಂಜು. ತುದಿಗೆ ಒಂದು ತಿರುವು ಇರುವಾಗ ಹಿಂದಿನ ಚಕ್ರ ಒಂದು ಕ್ಷಣ ಕಚ್ಚಿ ಹಿಡಿದು ಬಿಟ್ಟಿತು. ಗಾಡಿ ಅಂಚಿನ ಕಡೆಗೆ ಜಾರಿ ನೆಟ್ಟಗಾಯಿತು. ತಂಗಿ ಕಿರುಚಲೂ ಇಲ್ಲ, ‘ಅಮ್ಮಾ’ ಎಂದು ಸಣ್ಣಗೆ ಅಂದಳು. ಐದು ವರ್ಷದ ಹುಡುಗಿಯಾಗಿದ್ದಾಗ ನನ್ನ ಸೊಂಟದ ಮೇಲೆ ಕೂತು ಅನ್ನುತ್ತಿದ್ದ ದನಿಯಲ್ಲಿ.

ಒಬ್ಬಳೇ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ. ಇದನ್ನು ಬರೆದುಬಿಟ್ಟರೆ ಒಳ್ಳೆಯದು. ಒಬ್ಬಳೇ ಆಗಿದ್ದರೆ ಹ್ಯಾಂಡಲ್ಲು ಬಿಟ್ಟು, ಹಿಂದೆ ಹೋಗಿ, ಅವರ ಬೆನ್ನಿಗೆ ಕೆನ್ನೆಯಿಟ್ಟು ಕಣ್ಣು ಮುಚ್ಚುತ್ತಿದ್ದೆ. ನನಗೆ ಅಷ್ಟು ಸಾಕಿತ್ತು. ಆದರೆ ಹಿಂದೆ ಅವಳಿದ್ದಳು.

ಎರಡೂ ಬ್ರೇಕು ಹಿಡಿದು ಕಲ್ಲುಕಟ್ಟೆಯ ಹತ್ತಿರ ನಿಲ್ಲಿಸಿದೆ. ತಂಗಿ ಇಳಿದು ಕಟ್ಟೆಯ ಆ ತುದಿಗೆ ಹೋಗಿ ಕೂತು ಫ್ಲಾಸ್ಕು ಬಿಚ್ಚತೊಡಗಿದಳು. ನಾನೂ ಇಳಿದು ಸ್ಟ್ಯಾಂಡು ಹಾಕಿದೆ. ಎಂಜಿನ್ನು ಆರಿಸಿದ್ದೆ. ಎಮ್ಮೆಯ ಹಿಂಭಾಗ ಮಾತ್ರ ಇನ್ನೂ ಕೆಳಗೇ ಇತ್ತು.

“ಇಳೀರಿ,” ಅಂದೆ.

ಏನೂ ಆಗಲಿಲ್ಲ. ಮಂಜು ಸೀಟಿನ ಸುತ್ತ ಸರಿಯುತ್ತಿತ್ತು, ಸೀಟಿನ ಮೇಲೆ ಮಾತ್ರ ಕೂರುತ್ತಿರಲಿಲ್ಲ.

“ನಿಮ್ಮನ್ನ ಬಿಟ್ಟು ನಂಗೆ ಏನೂ ಬೇಡ. ಅದು ನಿಮಗೂ ಗೊತ್ತು. ಆದ್ರೆ ಇಷ್ಟು ಭಾರ ಇದು ಹೊರಲ್ಲ. ಅವಳನ್ನ ಇಳಿಸೋಕೆ ನನ್ನ ಕೈಲಿ ಆಗಲ್ಲ. ಇಳೀರಿ.”

ಎಷ್ಟು ಹೊತ್ತು ನಿಂತೆನೋ. ಆಮೇಲೆ ಸ್ಪ್ರಿಂಗು ಉಸಿರು ಬಿಟ್ಟ ಹಾಗೆ ಸದ್ದು ಮಾಡಿತು. ಗಾಡಿಯ ಹಿಂಭಾಗ ನನ್ನ ಕಣ್ಣೆದುರೇ ಮೇಲೆದ್ದಿತು, ಎರಡು ಬೆರಳಿಗಿಂತ ಹೆಚ್ಚೇ. ಕಟ್ಟೆಯ ಪಕ್ಕದ ಒದ್ದೆ ಹುಲ್ಲು ಒಂದು ಕಡೆ ತಗ್ಗಿತು. ನಾನು ಆ ಕಡೆ ನೋಡಲಿಲ್ಲ, ನೋಡಿದ್ದರೆ ಬರುತ್ತಿರಲಿಲ್ಲ.

“ಯಾರ ಹತ್ರ ಮಾತಾಡ್ತಿದ್ದೆ?” ತಂಗಿ ಟೀ ಕೊಡುತ್ತ ಕೇಳಿದಳು. ಅವಳು ಮೂರು ಲೋಟಕ್ಕೆ ಬಗ್ಗಿಸಿದ್ದಳು. ಅದನ್ನು ತಾನೇ ಗಮನಿಸಿ ಬೆಚ್ಚಿದಳು. ಒಂದು ಲೋಟವನ್ನು ಕಟ್ಟೆಯ ಮೇಲೇ ಬಿಟ್ಟೆವು.

ಇಳಿಯಲು ಹತ್ತಿ ಕೂತಾಗ ಎಮ್ಮೆ ನನ್ನ ಕೆಳಗೆ ಕುಸಿಯಿತು, ಮೊದಲಿನಷ್ಟೇ. ನನಗೂ ಭಾರವಿದೆ ಎಂದು ಅನ್ನಿಸಿತು. ತಂಗಿಯ ಕೈಗಳು ನನ್ನ ಸೊಂಟವನ್ನು ಪೂರ್ತಿ ಬಳಸಿದವು. ಮಧ್ಯೆ ಒಂದು ಸಣ್ಣ ಏರು ಬರುತ್ತದೆ, ಅಲ್ಲಿ ಕಿವಿಗೊಟ್ಟು ಕೇಳಿದೆ. ಎಂಜಿನ್ನು ತನ್ನ ಪಾಡಿಗೆ ತಾನು ಗುಡುಗುಡು ಎನ್ನುತ್ತಿತ್ತು, ಅಷ್ಟೇ.

ಮನೆಗೆ ಬಂದು ಎರಡು ತಟ್ಟೆ ಉಂಡೆ. ತಂಗಿ ಎದುರಿಗೆ ಕೂತು ನೋಡುತ್ತ ನೋಡುತ್ತ ನಕ್ಕಳು, ಆಮೇಲೆ ಅತ್ತಳು. ಎಡಗೈಯಲ್ಲಿ ಮತ್ತೆ ಬೊಬ್ಬೆ ಎದ್ದಿದೆ. ಹೆಲ್ಮೆಟ್ಟಿನ ಗಾಜು ತೊಳೆಯಬೇಕು. ಮುಂದಿನ ಸೀಟಿನ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿದೆ, ಅದನ್ನೂ ನೋಡಬೇಕು.

ಜಾಕೆಟ್ಟು ಬಿಚ್ಚಿ ಗೂಟಕ್ಕೆ ಹಾಕುವಾಗ ಕಾಲರಿನ ಮೇಲೆ ಕೈಯಾಡಿಸಿದೆ. ಎರಡೂ ಕಡೆ ನುಣುಪಾಗಿದೆ. ಆಗ ಹೊಳೆಯಿತು, ಇದು ಅವರದು. ನನ್ನ ಮೈಮೇಲೇ ಇತ್ತು, ಇಳಿಸಿ ಬರುವಾಗ ಕೊಟ್ಟು ಬರಬೇಕಿತ್ತು. ಇಷ್ಟು ಹೊತ್ತಿಗೆ ಅಲ್ಲಿ ಚಳಿ ಶುರುವಾಗಿರುತ್ತದೆ.